ಹಾಲಿನ ಹಣಕ್ಕೆ ತೆರಿಗೆ ಉಂಟೇ? ಅಂಜಿಕೆ ಬೇಡ, ಲೆಕ್ಕ ಬೇಕು

(ಹಾಲು ಉತ್ಪಾದಕರ ಸಹಕಾರ ಸಂಘಗಳ ಅಧ್ಯಕ್ಷರು, ಕಾರ್ಯದರ್ಶಿಗಳು ಹಾಗೂ ಸದಸ್ಯರಿಗಾಗಿ ನಡೆದ ಪ್ರಾದೇಶಿಕ ಸಭೆಯಲ್ಲಿ, ಒಕ್ಕೂಟದ ಲೆಕ್ಕಪತ್ರ ವಿಭಾಗದ ನಿವೃತ್ತ ಅಧಿಕಾರಿಯೊಬ್ಬರು ಮಾಡಿದ ಭಾಷಣದ ಪಾಠ)



ಬೆಳಗಿನ ಹಾಲು ಡೇರಿಗೆ ಹಾಕಿ, ಕೊಟ್ಟಿಗೆ ಕೆಲಸ ಮುಗಿಸಿ ಇಲ್ಲಿಗೆ ಬಂದಿದ್ದೀರಿ. ಸಂಜೆ ಹಾಲು ಕರೆಯುವ ಹೊತ್ತಿಗೆ ಮನೆ ಸೇರಬೇಕಾದವರು ನೀವು. ಆದ್ದರಿಂದ ಹೆಚ್ಚು ಪೀಠಿಕೆ ಹಾಕದೆ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಕೆಲವು ತಿಂಗಳ ಹಿಂದೆ ನಮ್ಮ ಒಂದು ಸಂಘಕ್ಕೆ ಹೋಗಿದ್ದೆ. ಬಟವಾಡೆಯ ದಿನ. ಒಬ್ಬ ವಯಸ್ಸಾದ ತಾಯಿ ಕಾರ್ಯದರ್ಶಿಯ ಮೇಜಿನ ಮುಂದೆ ನಿಂತು, "ಇನ್ನು ಮೇಲೆ ನನ್ನ ದುಡ್ಡು ಬ್ಯಾಂಕಿಗೆ ಹಾಕಬೇಡಪ್ಪ, ಕೈಗೇ ಕೊಟ್ಟುಬಿಡು. ಬ್ಯಾಂಕಿಗೆ ಹೋದರೆ ಸರ್ಕಾರದವರು ತೆರಿಗೆ ಹಿಡಿಯುತ್ತಾರಂತೆ" ಎಂದರು. ಆಕೆಯ ಬಳಿ ಇದ್ದದ್ದು ಮೂರು ಹಸು. ದಿನಕ್ಕೆ ಎರಡು ಹೊತ್ತೂ ಸೇರಿ ಸುಮಾರು 22 ಲೀಟರ್ ಹಾಲು ಹಾಕುತ್ತಿದ್ದರು. ಕಾರ್ಯದರ್ಶಿ ಎಷ್ಟು ಹೇಳಿದರೂ ಆಕೆಗೆ ಸಮಾಧಾನವಾಗಲಿಲ್ಲ. ಅದೇ ಮಾತನ್ನು ಬೇರೆ ಬೇರೆ ಊರುಗಳಲ್ಲಿಯೂ ಕೇಳಿದ್ದೇನೆ. ಕೆಲವರು ಅರ್ಧ ಹಾಲನ್ನು ಡೇರಿಗೆ ಹಾಕಿ ಉಳಿದರ್ಧವನ್ನು ಖಾಸಗಿಯವರಿಗೆ ನಗದಿಗೆ ಕೊಡಲು ಶುರು ಮಾಡಿದ್ದಾರೆ ಎಂದೂ ತಿಳಿದುಬಂತು. ಹಗ್ಗವನ್ನು ಹಾವೆಂದು ತಿಳಿದು ಮನೆ ಬಿಟ್ಟು ಓಡಿದಂತಾಯಿತು ಇದು.

ಈ ಅಂಜಿಕೆ ಎಲ್ಲಿಂದ ಬಂತು, ಅದರಲ್ಲಿ ನಿಜವೆಷ್ಟು, ನಾವು ಮಾಡಬೇಕಾದ್ದೇನು ಎಂಬ ಮೂರು ವಿಷಯಗಳನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ಅಂಜಿಕೆ ಎಲ್ಲಿಂದ ಬಂತು?

2025ರ ಜುಲೈ ತಿಂಗಳಿನಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯಿಂದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಹೋಯಿತು. ಯು.ಪಿ.ಐ. ಮೂಲಕ, ಅಂದರೆ ಮೊಬೈಲ್ ಫೋನಿನಲ್ಲಿ, ಅವರ ಖಾತೆಗೆ ಬಂದ ಹಣದ ಒಟ್ಟು ಮೊತ್ತವನ್ನು ನೋಡಿ, 'ನಿಮ್ಮ ವಹಿವಾಟು ಮಿತಿಯನ್ನು ದಾಟಿದೆ, ಜಿ.ಎಸ್.ಟಿ. ನೋಂದಣಿ ಏಕೆ ಮಾಡಿಸಿಲ್ಲ?' ಎಂದು ಇಲಾಖೆ ಕೇಳಿತ್ತು. ಬೇಕರಿ, ಕಾಂಡಿಮೆಂಟ್ಸ್ ಅಂಗಡಿಯವರ ಜೊತೆಗೆ ಹಾಲು, ತರಕಾರಿ ಮಾರುವವರಿಗೂ ನೋಟಿಸ್ ಬಂತು. ಖಾತೆಗೆ ಬಂದ ಮೊತ್ತವನ್ನು ನೋಡಿದರೆ ಅದು ಹಾಲಿನದೋ ಬಿಸ್ಕತ್ತಿನದೋ ಎಂದು ಯಾರಿಗೂ ತಿಳಿಯುವುದಿಲ್ಲವಲ್ಲ! ವ್ಯಾಪಾರಿಗಳು ಪ್ರತಿಭಟನೆ ಮಾಡಿದರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಸಭೆ ಕರೆದು, ತೆರಿಗೆ ವಿನಾಯಿತಿ ಇರುವ ಹಾಲು, ತರಕಾರಿಯಂಥ ವಸ್ತುಗಳ ವಿಷಯದಲ್ಲಿ ಕ್ರಮ ಮುಂದುವರಿಸುವುದಿಲ್ಲವೆಂದೂ, ಸಣ್ಣ ವ್ಯಾಪಾರಿಗಳು ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದೂ ತಿಳಿಸಿದರು.

ಇದು ಅಂಗಡಿ ವ್ಯಾಪಾರಕ್ಕೆ ಸಂಬಂಧಿಸಿದ ಜಿ.ಎಸ್.ಟಿ. ವಿಷಯ. ನೀವು ಡೇರಿಗೆ ಹಾಕುವ ಹಾಲಿಗೂ ಇದಕ್ಕೂ ಸಂಬಂಧವಿಲ್ಲ. ಆದರೆ ಸುದ್ದಿ ಊರಿಂದ ಊರಿಗೆ ಬರುವಷ್ಟರಲ್ಲಿ 'ಬ್ಯಾಂಕಿಗೆ ಬಂದ ಹಣಕ್ಕೆಲ್ಲ ತೆರಿಗೆ' ಎಂದಾಗಿಬಿಟ್ಟಿತು. ಜಿ.ಎಸ್.ಟಿ. ಬೇರೆ, ಆದಾಯ ತೆರಿಗೆ ಬೇರೆ. ಮೊದಲನೆಯದು ವಸ್ತುವಿನ ಮಾರಾಟದ ಮೇಲೆ ಬರುವುದು, ಎರಡನೆಯದು ವರ್ಷದ ಕೊನೆಗೆ ನಮಗೆ ಉಳಿದ ಲಾಭದ ಮೇಲೆ ಬರುವುದು. ಇವೆರಡನ್ನೂ ಬೇರೆ ಬೇರೆಯಾಗಿಯೇ ನೋಡೋಣ.

ಹಾಲಿನ ಆದಾಯ ಕೃಷಿ ಆದಾಯವೇ?

ನಮ್ಮಲ್ಲಿ ಹಲವರು 'ನಾವು ರೈತರು, ರೈತರಿಗೆ ಆದಾಯ ತೆರಿಗೆ ಇಲ್ಲ' ಎಂದು ನಿಶ್ಚಿಂತರಾಗಿದ್ದಾರೆ. ಇದು ಅರ್ಧ ಸತ್ಯ. ಭೂಮಿ ಉತ್ತು, ಬಿತ್ತಿ, ಬೆಳೆದ ರಾಗಿ, ಭತ್ತ, ಕಬ್ಬು, ತೆಂಗಿನ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಆದರೆ ಹೈನುಗಾರಿಕೆ, ಕೋಳಿ ಸಾಕಣೆಗಳು ಕೇವಲ ಭೂಮಿಯ ನಂಟು ಇರುವ ಮಾತ್ರಕ್ಕೆ ಕೃಷಿ ಆಗುವುದಿಲ್ಲವೆಂದು ಸುಪ್ರೀಂ ಕೋರ್ಟು 1957ರಲ್ಲಿಯೇ ರಾಜಾ ಬಿನೋಯ್ ಕುಮಾರ್ ಸಹಸ್ ರಾಯ್ ಅವರ ಮೊಕದ್ದಮೆಯಲ್ಲಿ ಹೇಳಿದೆ. ನಿಮ್ಮ ಹೊಲದ ಮೇವನ್ನೇ ತಿಂದ ಹಸುವಾದರೂ, ಅದರ ಹಾಲಿನ ಲಾಭವು ಕಾನೂನಿನ ಕಣ್ಣಿನಲ್ಲಿ ವ್ಯಾಪಾರದ ಆದಾಯವೇ.

ಇದನ್ನು ತಿಳಿಯದೆ ಪೇಚಿಗೆ ಸಿಕ್ಕಿದ ಒಬ್ಬ ಸದಸ್ಯರ ವಿಷಯ ಹೇಳುತ್ತೇನೆ. ಅವರಿಗೆ 18 ಹಸುಗಳಿವೆ. ಹೊಸ ಕೊಟ್ಟಿಗೆಗೆ ಸಾಲ ಬೇಕಾದಾಗ ಬ್ಯಾಂಕಿನವರು ಆದಾಯ ತೆರಿಗೆ ರಿಟರ್ನ್ ಕೇಳಿದರು. ಪೇಟೆಯಲ್ಲಿ ರಿಟರ್ನ್ ಬರೆದುಕೊಡುವ ಒಬ್ಬರು, ಹಾಲಿನ ಹಣವನ್ನೆಲ್ಲ ಕೃಷಿ ಆದಾಯವೆಂದು ತೋರಿಸಿ ಸಲ್ಲಿಸಿಬಿಟ್ಟರು. ಸಾಲವೇನೋ ಸಿಕ್ಕಿತು. ಮುಂದೆ ಇಲಾಖೆಯಿಂದ ಪತ್ರ ಬಂತು: 'ಇಷ್ಟು ಲಕ್ಷ ಕೃಷಿ ಆದಾಯ ಬಂದ ಜಮೀನಿನ ಪಹಣಿ ಕಳುಹಿಸಿ' ಎಂದು. ಪಹಣಿಯಲ್ಲಿ ಇದ್ದದ್ದು 1 ಎಕರೆ 20 ಗುಂಟೆ. ಮನೆಯವರೆಲ್ಲ ಊಟ ನಿದ್ದೆ ಬಿಟ್ಟರು. ಹಸುಗಳನ್ನು ಮಾರಿಬಿಡುವ ಮಾತೂ ಬಂತು. ಕೊನೆಗೆ ನೆರವಿಗೆ ಬಂದದ್ದು ಸಂಘದ ಕಂಪ್ಯೂಟರಿನಲ್ಲಿದ್ದ ದಿನವಹಿ ಹಾಲಿನ ಲೆಕ್ಕ ಮತ್ತು ಅದಕ್ಕೆ ಸರಿಯಾಗಿ ಹೊಂದುವ ಬ್ಯಾಂಕ್ ಪಾಸ್ ಪುಸ್ತಕ. ಅವೆರಡನ್ನೂ ಇಟ್ಟು, ಇದು ಹಾಲಿನ ಹಣವೆಂದು ತಿಳಿಸಿ, ಲೆಕ್ಕವನ್ನು ಸರಿಪಡಿಸಿದ ಮೇಲೆ ತೆರಿಗೆ ಏನೂ ಬರಲಿಲ್ಲ. ಓಡಾಟ, ಖರ್ಚು, ಚಿಂತೆ ಮಾತ್ರ ಬಂದವು. ಮೊದಲೇ ಹಾಲಿನ ಹಣವನ್ನು ಹಾಲಿನ ಹಣವೆಂದೇ ಬರೆದಿದ್ದರೆ ಇದಾವುದೂ ಆಗುತ್ತಿರಲಿಲ್ಲ.

ಹಾಗಾದರೆ ತೆರಿಗೆ ಎಷ್ಟು?

ಬಂಧುಗಳೇ, ಇಲ್ಲಿ ನಿಮಗೆ ಸಮಾಧಾನದ ಸಂಗತಿ ಇದೆ. ಇತ್ತೀಚಿನ ವರ್ಷಗಳಲ್ಲಿ ಆದಾಯ ತೆರಿಗೆಯ ಮಿತಿಗಳು ಬಹಳ ಮೇಲೆ ಹೋಗಿವೆ. 2014ರಲ್ಲಿ ಸಾಮಾನ್ಯ ವ್ಯಕ್ತಿಗೆ ತೆರಿಗೆ ಇಲ್ಲದ ಮಿತಿ 2.5 ಲಕ್ಷ ರೂಪಾಯಿ ಆಗಿತ್ತು. 2023ರಲ್ಲಿ ಹೊಸ ಪದ್ಧತಿಯಲ್ಲಿ ಅದು 3 ಲಕ್ಷವಾಯಿತು. 2025-26ರ ಆರ್ಥಿಕ ವರ್ಷದಿಂದ 4 ಲಕ್ಷವಾಗಿದೆ. ಅದರ ಮೇಲೆ 4ರಿಂದ 8 ಲಕ್ಷದವರೆಗೆ ಶೇಕಡಾ 5, 8ರಿಂದ 12 ಲಕ್ಷದವರೆಗೆ ಶೇಕಡಾ 10, ಹೀಗೆ ಏರುತ್ತಾ 24 ಲಕ್ಷದ ಮೇಲೆ ಶೇಕಡಾ 30 ಆಗುತ್ತದೆ. ಆದರೆ ಒಟ್ಟು ಆದಾಯ 12 ಲಕ್ಷ ಮೀರದ ವ್ಯಕ್ತಿಗೆ 60,000 ರೂಪಾಯಿವರೆಗಿನ ತೆರಿಗೆಯನ್ನು ಮನ್ನಾ ಮಾಡುವುದರಿಂದ, ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ಕಟ್ಟಬೇಕಾದ ತೆರಿಗೆ ಸೊನ್ನೆ. 12 ಲಕ್ಷವನ್ನು ಸ್ವಲ್ಪ ಮೀರಿದರೂ ಗಾಬರಿಯಾಗಬೇಕಿಲ್ಲ. 12 ಲಕ್ಷದ 10 ಸಾವಿರ ಆದಾಯವಿದ್ದರೆ, ಮೀರಿದ ಆ 10 ಸಾವಿರಕ್ಕಿಂತ ಹೆಚ್ಚು ತೆರಿಗೆ ಬರದಂತೆ ರಿಯಾಯಿತಿ ಇದೆ. ಅದರ ಮೇಲೆ ಶೇಕಡಾ 4 ಸೆಸ್ ಸೇರುತ್ತದೆ, ಅಷ್ಟೆ.

ಇಲ್ಲಿ ಆದಾಯ ಎಂದರೆ ಬ್ಯಾಂಕಿಗೆ ಬಂದ ಬಟವಾಡೆಯಲ್ಲ. ಹಿಂಡಿ, ಬೂಸಾ, ಒಣಹುಲ್ಲು, ಔಷಧಿ, ಕೂಲಿ, ವಿಮೆ ಎಲ್ಲ ಕಳೆದು ಉಳಿದದ್ದು. ಈ ಖರ್ಚಿನ ಲೆಕ್ಕ ಇಡುವುದು ಕಷ್ಟವೆನ್ನುವ ಸಣ್ಣ ಉದ್ಯಮಿಗಳಿಗೆ ಕಾಯ್ದೆಯಲ್ಲಿ ಒಂದು ಸುಲಭ ದಾರಿ ಇದೆ. ವರ್ಷದ ವಹಿವಾಟು 2 ಕೋಟಿ ರೂಪಾಯಿ ಮೀರದಿದ್ದರೆ, ಬ್ಯಾಂಕಿನ ಮೂಲಕ ಬಂದ ಹಣದ ಶೇಕಡಾ 6ನ್ನು, ನಗದಾಗಿ ಬಂದ ಹಣದ ಶೇಕಡಾ 8ನ್ನು ಲಾಭವೆಂದು ತೋರಿಸಬಹುದು. ಇದಕ್ಕೆ ಅಂದಾಜು ಆದಾಯದ ಪದ್ಧತಿ ಎನ್ನುತ್ತಾರೆ. ನಿಜವಾದ ಲಾಭ ಇದಕ್ಕಿಂತ ಹೆಚ್ಚಿದ್ದರೆ ಹೆಚ್ಚನ್ನೇ ತೋರಿಸಬೇಕು ಎಂಬುದನ್ನು ಮರೆಯಬಾರದು. ಬ್ಯಾಂಕಿನ ಹಣಕ್ಕೆ ಶೇಕಡಾ 6, ನಗದಿಗೆ ಶೇಕಡಾ 8 ಎಂಬುದನ್ನು ಗಮನಿಸಿ. 'ಕೈಗೇ ಕೊಡಿ' ಎಂದು ಕೇಳುವವರು ತಮಗೆ ತಾವೇ ನಷ್ಟ ಮಾಡಿಕೊಳ್ಳುತ್ತಿದ್ದಾರೆ.

ಈಗ ಮೂರು ಮನೆಗಳ ಲೆಕ್ಕ ಹಾಕೋಣ. ಸುಲಭಕ್ಕಾಗಿ ಲೀಟರಿಗೆ 35 ರೂಪಾಯಿ ಎಂದು ಇಟ್ಟುಕೊಳ್ಳೋಣ.

ಮೊದಲನೆಯದು, ನಾನು ಆಗಲೇ ಹೇಳಿದ ತಾಯಿಯ ಮನೆ. ದಿನಕ್ಕೆ 22 ಲೀಟರ್ ಎಂದರೆ ವರ್ಷಕ್ಕೆ 2,81,050 ರೂಪಾಯಿ. ಮೇವು, ಹಿಂಡಿಗೆ ಒಂದು ಪೈಸೆಯೂ ಖರ್ಚಾಗಿಲ್ಲ ಎಂದು ಯಾರಾದರೂ ವಾದಿಸಿದರೂ ಈ ಮೊತ್ತ 4 ಲಕ್ಷದ ಒಳಗೇ ಇದೆ. ತೆರಿಗೆಯ ಮಾತೇ ಇಲ್ಲ.

ಎರಡನೆಯದು, ದಿನಕ್ಕೆ 60 ಲೀಟರ್ ಹಾಕುವ ಮನೆ. ವರ್ಷಕ್ಕೆ 7,66,500 ರೂಪಾಯಿ. ಶೇಕಡಾ 6ರಂತೆ ಲಾಭ 45,990 ರೂಪಾಯಿ. ನಿಜವಾದ ಲಾಭ 2 ಲಕ್ಷವೇ ಇದ್ದರೂ ತೆರಿಗೆ ಇಲ್ಲ.

ಮೂರನೆಯದು, 200 ಲೀಟರ್ ಹಾಕುವ ದೊಡ್ಡ ಕೊಟ್ಟಿಗೆ. ವರ್ಷಕ್ಕೆ 25,55,000 ರೂಪಾಯಿ. ಶೇಕಡಾ 6 ಎಂದರೆ 1,53,300 ರೂಪಾಯಿ. ಆದರೆ ಚೆನ್ನಾಗಿ ನಿರ್ವಹಣೆ ಮಾಡಿ ನಿಜವಾಗಿ 6 ಲಕ್ಷ ಉಳಿದಿದೆ ಎನ್ನೋಣ. ಆಗ ಆ 6 ಲಕ್ಷವನ್ನೇ ತೋರಿಸಬೇಕು. 4 ಲಕ್ಷ ಕಳೆದು ಉಳಿದ 2 ಲಕ್ಷಕ್ಕೆ ಶೇಕಡಾ 5ರಂತೆ 10,000 ರೂಪಾಯಿ ತೆರಿಗೆ ಲೆಕ್ಕಕ್ಕೆ ಬರುತ್ತದೆ, ಅದು ಪೂರ್ತಿ ಮನ್ನಾ ಆಗುತ್ತದೆ. ಕಟ್ಟುವುದು ಏನೂ ಇಲ್ಲ. ಆದರೆ ಆದಾಯ 4 ಲಕ್ಷ ದಾಟಿದ ಕಾರಣ ರಿಟರ್ನ್ ಸಲ್ಲಿಸಲೇಬೇಕು. ತೆರಿಗೆ ಇಲ್ಲ ಎಂಬುದಕ್ಕೂ ರಿಟರ್ನ್ ಬೇಡ ಎಂಬುದಕ್ಕೂ ವ್ಯತ್ಯಾಸವಿದೆ. ಹಲವರು ಎಡವುವುದು ಇಲ್ಲಿಯೇ.

ಮನೆಯಲ್ಲಿ ಬೇರೆ ಆದಾಯವಿದ್ದರೆ, ಅಂದರೆ ಅದೇ ವ್ಯಕ್ತಿಗೆ ಸಂಬಳ, ಬಾಡಿಗೆ, ಠೇವಣಿಯ ಬಡ್ಡಿ ಇದ್ದರೆ, ಅದನ್ನೂ ಕೂಡಿಸಿ ನೋಡಬೇಕು. ಸರ್ಕಾರದ ಪ್ರೋತ್ಸಾಹಧನವನ್ನೂ ಲೆಕ್ಕಕ್ಕೆ ಹಿಡಿಯಿರಿ. ಬೇರೆ ಆದಾಯ 4 ಲಕ್ಷ ದಾಟಿದ್ದು ಕೃಷಿ ಆದಾಯವೂ 5 ಸಾವಿರಕ್ಕಿಂತ ಹೆಚ್ಚಿದ್ದರೆ, ಕೃಷಿ ಆದಾಯಕ್ಕೆ ತೆರಿಗೆ ಇಲ್ಲವಾದರೂ ದರ ನಿರ್ಧರಿಸುವಾಗ ಅದನ್ನು ಸೇರಿಸಿಕೊಳ್ಳುತ್ತಾರೆ. ಅಂಥವರು ತಿಳಿದವರ ಸಲಹೆ ಪಡೆಯುವುದು ಒಳ್ಳೆಯದು.

ಯುವಕರಿಗೆ ಒಂದು ಎಚ್ಚರಿಕೆ. ಸ್ನೇಹಿತರು ಸೇರಿ ಪಾಲುದಾರಿಕೆ ಸಂಸ್ಥೆ ಮಾಡಿಕೊಂಡು ದೊಡ್ಡ ಡೇರಿ ಫಾರಂ ತೆರೆಯುವುದು ಈಗ ಹೆಚ್ಚಾಗಿದೆ. ಮೇಲೆ ಹೇಳಿದ 4 ಲಕ್ಷ, 12 ಲಕ್ಷದ ಅನುಕೂಲ ಪಾಲುದಾರಿಕೆ ಸಂಸ್ಥೆಗೆ ಇಲ್ಲ. ಅದರ ಲಾಭಕ್ಕೆ ಮೊದಲ ರೂಪಾಯಿಯಿಂದಲೇ ಶೇಕಡಾ 30 ತೆರಿಗೆ. ಪತ್ರಕ್ಕೆ ಸಹಿ ಹಾಕುವ ಮೊದಲು ಯೋಚಿಸಿ.

ಹೊಸ ಕಾಯ್ದೆ ಬಂದಿದೆಯಂತೆ?

ಹೌದು. 1961ರ ಆದಾಯ ತೆರಿಗೆ ಕಾಯ್ದೆಯ ಬದಲಿಗೆ 2025ರ ಆದಾಯ ತೆರಿಗೆ ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿತು. 2025ರ ಆಗಸ್ಟ್ 21ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. 2026ರ ಏಪ್ರಿಲ್ 1ರಿಂದ ಗಳಿಸಿದ ಆದಾಯಕ್ಕೆ ಇದು ಅನ್ವಯಿಸುತ್ತದೆ. 2026ರ ಮಾರ್ಚ್ 31ಕ್ಕೆ ಕೊನೆಗೊಳ್ಳುವ ವರ್ಷದ ಆದಾಯದ ರಿಟರ್ನ್ ಹಳೆಯ ಕಾಯ್ದೆಯಂತೆಯೇ.

ಹೊಸ ಕಾಯ್ದೆಯಿಂದ ಹೊಸ ತೆರಿಗೆ ಹುಟ್ಟಿಲ್ಲ. ಭಾಷೆ ಸರಳವಾಗಿದೆ, ಕಲಮುಗಳ ಸಂಖ್ಯೆ ಬದಲಾಗಿದೆ. ಹಿಂದೆ 'ಹಿಂದಿನ ವರ್ಷ', 'ನಿರ್ಧಾರಣಾ ವರ್ಷ' ಎಂದು ಎರಡು ಹೆಸರಿನಿಂದ ಗೊಂದಲವಿತ್ತು. ಈಗ 'ತೆರಿಗೆ ವರ್ಷ' ಎಂಬ ಒಂದೇ ಹೆಸರು. ಅಂದಾಜು ಆದಾಯದ ಪದ್ಧತಿಯೂ, ಸಹಕಾರ ಸಂಘಗಳ ರಿಯಾಯಿತಿಯೂ ಹೊಸ ಕಾಯ್ದೆಯಲ್ಲಿ ಮುಂದುವರಿದಿವೆ. 'ಹೊಸ ಕಾಯ್ದೆ ಬಂತು, ನಿಮ್ಮ ಫೈಲು ಸರಿಪಡಿಸಿಕೊಡುತ್ತೇನೆ, ಇಷ್ಟು ಹಣ ಕೊಡಿ' ಎಂದು ಯಾರಾದರೂ ಮನೆ ಬಾಗಿಲಿಗೆ ಬಂದರೆ ನಂಬಬೇಡಿ.

ಜಿ.ಎಸ್.ಟಿ.ಯ ವಿಷಯ

2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂದ ದಿನದಿಂದಲೂ ತಾಜಾ ಹಾಲಿಗೆ ತೆರಿಗೆ ಇಲ್ಲ. ಪಶು ಆಹಾರಕ್ಕೂ ಇಲ್ಲ. ಹಾಲು ಮಾತ್ರ ಮಾರುವವರು ಎಷ್ಟು ಲಕ್ಷ ಮಾರಿದರೂ ನೋಂದಣಿ ಮಾಡಿಸಬೇಕಾಗಿಲ್ಲ. 2022ರ ಜುಲೈ 18ರಿಂದ ಪೊಟ್ಟಣದ ಮೊಸರು, ಮಜ್ಜಿಗೆ, ಲಸ್ಸಿ, ಪನೀರಿಗೆ ಶೇಕಡಾ 5 ತೆರಿಗೆ ಬಂತು. 2025ರ ಸೆಪ್ಟೆಂಬರ್ 22ರಿಂದ ಮತ್ತೆ ಬದಲಾವಣೆಗಳಾದವು. ಪೊಟ್ಟಣದ ಪನೀರು ಮತ್ತು ಹೆಚ್ಚು ದಿನ ಕೆಡದ ಯು.ಎಚ್.ಟಿ. ಹಾಲಿನ ಶೇಕಡಾ 5 ತೆರಿಗೆ ಪೂರ್ತಿ ಹೋಯಿತು. ತುಪ್ಪ, ಬೆಣ್ಣೆ, ಚೀಸ್ ಶೇಕಡಾ 12ರಿಂದ 5ಕ್ಕೆ, ಐಸ್ ಕ್ರೀಂ ಶೇಕಡಾ 18ರಿಂದ 5ಕ್ಕೆ ಇಳಿಯಿತು. ಹಾಲಿನ ಕ್ಯಾನು ಮತ್ತು ಟ್ರ್ಯಾಕ್ಟರಿನ ತೆರಿಗೆಯೂ ಶೇಕಡಾ 12ರಿಂದ 5ಕ್ಕೆ ಬಂತು. ನಂದಿನಿ ತುಪ್ಪದ ಬೆಲೆಯನ್ನು ಆಗ ಲೀಟರಿಗೆ 650 ರೂಪಾಯಿಯಿಂದ 610ಕ್ಕೆ ಇಳಿಸಲಾಯಿತು. ಸಂಘಕ್ಕೆ ಕ್ಯಾನು ಕೊಳ್ಳುವಾಗ ಬಿಲ್ಲಿನಲ್ಲಿ ಶೇಕಡಾ 5 ಮಾತ್ರ ಹಾಕಿದ್ದಾರೆಯೇ ಎಂದು ಕಾರ್ಯದರ್ಶಿಗಳು ನೋಡಿಕೊಳ್ಳಬೇಕು.

ನಮ್ಮ ಸದಸ್ಯರ ಮಕ್ಕಳಲ್ಲಿ ಅನೇಕರು ಪೇಟೆಯಲ್ಲಿ ಹಾಲಿನ ಬೂತು ಇಟ್ಟಿದ್ದಾರೆ. ಅವರು ಕಿವಿಗೊಟ್ಟು ಕೇಳಬೇಕಾದ ಮಾತೊಂದಿದೆ. ವಸ್ತುಗಳನ್ನು ಮಾರುವವರಿಗೆ ನಮ್ಮ ರಾಜ್ಯದಲ್ಲಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ. ಹಾಲಿನ ಜೊತೆಗೆ ಪೊಟ್ಟಣದ ಮೊಸರು, ತುಪ್ಪ, ಬಿಸ್ಕತ್ತುಗಳಂಥ ತೆರಿಗೆ ಇರುವ ವಸ್ತುಗಳನ್ನೂ ಮಾರುತ್ತಿದ್ದರೆ, ಈ 40 ಲಕ್ಷವನ್ನು ಎಣಿಸುವಾಗ ಹಾಲಿನ ಮಾರಾಟವೂ ಸೇರುತ್ತದೆ. ವರ್ಷಕ್ಕೆ 30 ಲಕ್ಷದ ಹಾಲು, 12 ಲಕ್ಷದ ಇತರ ಸಾಮಾನು ಮಾರಿದರೆ ಒಟ್ಟು 42 ಲಕ್ಷ. ನೋಂದಣಿ ಮಾಡಿಸಲೇಬೇಕು. ಆದರೆ ತೆರಿಗೆ ಬೀಳುವುದು 12 ಲಕ್ಷದ ಮೇಲೆ ಮಾತ್ರ. ರಾಜಿ ತೆರಿಗೆ ಪದ್ಧತಿಯನ್ನು ಆರಿಸಿಕೊಂಡರೆ ಅದರ ಶೇಕಡಾ 1, ಅಂದರೆ ವರ್ಷಕ್ಕೆ 12,000 ರೂಪಾಯಿ. ಇದನ್ನು ಗಿರಾಕಿಯಿಂದ ಬೇರೆಯಾಗಿ ವಸೂಲು ಮಾಡುವಂತಿಲ್ಲ. ಹಾಲಿನ ಮಾರಾಟವನ್ನೂ ಇತರ ಸಾಮಾನಿನ ಮಾರಾಟವನ್ನೂ ಪ್ರತಿದಿನ ಎರಡು ಸಾಲಿನಲ್ಲಿ ಬೇರೆ ಬೇರೆ ಬರೆದಿಟ್ಟವನಿಗೆ ಇದು ಹೊರೆಯಲ್ಲ. ಬರೆದಿಡದವನಿಗೆ 42 ಲಕ್ಷಕ್ಕೂ ಉತ್ತರ ಕೊಡುವ ಪಾಡು ಬರುತ್ತದೆ. ಬೂತಿನಿಂದ ಬರುವುದು ಕಮಿಷನ್ ಮಾತ್ರವಾದರೆ, ಆದಾಯ ತೆರಿಗೆಯಲ್ಲಿ ನಾನು ಹೇಳಿದ ಶೇಕಡಾ 6ರ ಸುಲಭ ದಾರಿ ಕಮಿಷನ್ ಆದಾಯಕ್ಕೆ ಸಿಗುವುದಿಲ್ಲ ಎಂಬುದನ್ನೂ ನೆನಪಿಡಿ.

ಸಂಘದ ಕಾರ್ಯದರ್ಶಿಗಳಿಗೆ

ಸದಸ್ಯರಿಂದ ಸಂಗ್ರಹಿಸಿದ ಹಾಲನ್ನು ಒಕ್ಕೂಟಕ್ಕೆ ಪೂರೈಸುವ ಪ್ರಾಥಮಿಕ ಸಂಘದ ಆ ವ್ಯವಹಾರದ ಲಾಭಕ್ಕೆ ಆದಾಯ ತೆರಿಗೆಯಲ್ಲಿ ಪೂರ್ತಿ ರಿಯಾಯಿತಿ ಇದೆ. ಹಳೆಯ ಕಾಯ್ದೆಯಲ್ಲಿ ಇದು 80ಪಿ ಕಲಮು. ಆದರೆ 2018ರಲ್ಲಿ ಒಂದು ಷರತ್ತು ಸೇರಿತು: ಗಡುವಿನೊಳಗೆ ರಿಟರ್ನ್ ಸಲ್ಲಿಸಿದರೆ ಮಾತ್ರ ಈ ರಿಯಾಯಿತಿ. ಲೆಕ್ಕ ಪರಿಶೋಧನೆಗೆ ಒಳಪಡುವ ನಮ್ಮ ಸಂಘಗಳಿಗೆ ಈ ಗಡುವು ಸಾಮಾನ್ಯವಾಗಿ ಅಕ್ಟೋಬರ್ 31. 'ನಮ್ಮ ಸಂಘಕ್ಕೆ ತೆರಿಗೆಯೇ ಇಲ್ಲವಲ್ಲ, ರಿಟರ್ನ್ ಯಾಕೆ?' ಎಂದು ಸುಮ್ಮನಿದ್ದರೆ, ಇಲ್ಲದ ತೆರಿಗೆ ತಲೆಯ ಮೇಲೆ ಬರುತ್ತದೆ. ಅದು ಕಾರ್ಯದರ್ಶಿಯ ಜೇಬಿನಿಂದ ಹೋಗುವುದಿಲ್ಲ, ಸದಸ್ಯರ ಬೋನಸ್ಸಿನಿಂದ ಹೋಗುತ್ತದೆ.

ಮೂಲದಲ್ಲಿ ತೆರಿಗೆ ಕಡಿತ, ಅಂದರೆ ಟಿ.ಡಿ.ಎಸ್. ವಿಷಯವೂ ಇದೆ. 2021ರ ಜುಲೈ 1ರಿಂದ, ವಾರ್ಷಿಕ ವಹಿವಾಟು 10 ಕೋಟಿ ಮೀರಿದ ಖರೀದಿದಾರರು ಒಬ್ಬ ಮಾರಾಟಗಾರರಿಂದ ವರ್ಷಕ್ಕೆ 50 ಲಕ್ಷ ಮೀರಿ ಕೊಂಡರೆ, ಮೀರಿದ ಮೊತ್ತದ ಮೇಲೆ ಶೇಕಡಾ 0.1 ಕಡಿತ ಮಾಡಬೇಕು. ದಿನಕ್ಕೆ 1,000 ಲೀಟರ್ ಹಾಲನ್ನು ಲೀಟರಿಗೆ 36 ರೂಪಾಯಿಯಂತೆ ಒಕ್ಕೂಟಕ್ಕೆ ಕಳುಹಿಸುವ ಸಂಘದ ವಹಿವಾಟು ವರ್ಷಕ್ಕೆ 1,31,40,000 ರೂಪಾಯಿ. ಇದರಲ್ಲಿ 50 ಲಕ್ಷ ಕಳೆದು ಉಳಿದ 81,40,000ಕ್ಕೆ ಕಡಿತ 8,140 ರೂಪಾಯಿ. ರಿಟರ್ನ್ ಸಲ್ಲಿಸಿದರೆ ಇದು ಸಂಘಕ್ಕೆ ವಾಪಸು ಬರುವ ಹಣ. ಸಲ್ಲಿಸದಿದ್ದರೆ ಹೋಯಿತು. ಸಂಘಕ್ಕೆ ಪ್ಯಾನ್ ಸಂಖ್ಯೆಯೇ ಇಲ್ಲದಿದ್ದರೆ ಕಡಿತದ ದರ ಶೇಕಡಾ 0.1ರ ಬದಲು ಶೇಕಡಾ 5 ಆಗುತ್ತದೆ. ಇದೇ ಸಂಘಕ್ಕೆ ಅದು 4,07,000 ರೂಪಾಯಿ! ಒಂದು ಚೀಟಿ ಇಲ್ಲದ ತಪ್ಪಿಗೆ ಎಷ್ಟು ಲೀಟರ್ ಹಾಲಿನ ಬೆಲೆ ಹೋಯಿತೆಂದು ನೀವೇ ಲೆಕ್ಕ ಹಾಕಿ.

ಸ್ಥಳೀಯ ಹಾಲು ಮಾರಾಟ, ಪಶು ಆಹಾರ ಮಾರಾಟದ ಲಾಭ ಒಕ್ಕೂಟಕ್ಕೆ ಹಾಲು ಪೂರೈಸಿದ ಲಾಭವಲ್ಲ. ಆದ್ದರಿಂದ ಅವುಗಳ ಖಾತೆಯನ್ನು ಬೇರೆಯಾಗಿ ಇಡಬೇಕು. ಎಲ್ಲವನ್ನೂ ಒಂದೇ ಖಾತೆಗೆ ಸುರಿದರೆ ಪೂರ್ತಿ ರಿಯಾಯಿತಿ ಇರುವ ಲಾಭದ ಮೇಲೂ ಪ್ರಶ್ನೆ ಏಳುತ್ತದೆ.

ಸದಸ್ಯರು ಮಾಡಬೇಕಾದ್ದು, ಮಾಡಬಾರದ್ದು

ಬಟವಾಡೆಯನ್ನು ಬ್ಯಾಂಕಿನ ಮೂಲಕವೇ ಪಡೆಯಿರಿ. ಪ್ರೋತ್ಸಾಹಧನ ಬರುವುದೂ ಖಾತೆಗೇ. ಸಾಧ್ಯವಾದರೆ ಹಾಲಿನ ಹಣಕ್ಕೆ ಒಂದು ಪ್ರತ್ಯೇಕ ಉಳಿತಾಯ ಖಾತೆ ಇರಲಿ. ಪ್ರತಿ ಏಪ್ರಿಲ್ ತಿಂಗಳಲ್ಲಿ ಹಿಂದಿನ ವರ್ಷ ಹಾಕಿದ ಹಾಲು ಮತ್ತು ಪಡೆದ ಹಣದ ಪಟ್ಟಿಯನ್ನು ಕಾರ್ಯದರ್ಶಿಯವರಿಂದ ಬರೆಸಿ, ಮೊಹರು ಹಾಕಿಸಿ ಇಟ್ಟುಕೊಳ್ಳಿ. ಹಿಂಡಿ, ಔಷಧಿಯ ಬಿಲ್ಲುಗಳನ್ನು ಒಂದು ಚೀಲದಲ್ಲಿ ಹಾಕಿಡಿ. ಹಸು ಕೊಂಡ ರಸೀದಿಯನ್ನಂತೂ ಕಳೆಯಬೇಡಿ. ಪೂರ್ತಿ ಲೆಕ್ಕ ಇಡುವವರಿಗೆ, ಹಸು ಸತ್ತರೆ ಅಥವಾ ಶಾಶ್ವತವಾಗಿ ಗೊಡ್ಡಾದರೆ, ಕೊಂಡ ಬೆಲೆಯಲ್ಲಿ ಕೈಗೆ ಬಂದದ್ದನ್ನು ಕಳೆದು ಉಳಿದದ್ದನ್ನು ಖರ್ಚೆಂದು ತೋರಿಸಲು ಕಾನೂನಿನಲ್ಲಿ ಅವಕಾಶವಿದೆ. ರಸೀದಿ ಇಲ್ಲದವರು ಇದನ್ನು ಕೇಳುವಂತಿಲ್ಲ.

ಇನ್ನು ಮಾಡಬಾರದ್ದು. ನಿಮ್ಮ ಬ್ಯಾಂಕ್ ಖಾತೆಯನ್ನು ಬೇರೆಯವರ ವ್ಯಾಪಾರಕ್ಕೆ ಕೊಡಬೇಡಿ. ಅಕ್ಕನ ಮಗ ದನದ ವ್ಯಾಪಾರ ಮಾಡುತ್ತಾನೆ, 'ಚಿಕ್ಕಮ್ಮಾ, ನಿನ್ನ ಖಾತೆಗೆ ಸ್ವಲ್ಪ ಹಣ ಬರುತ್ತೆ' ಎನ್ನುತ್ತಾನೆ, ಇಲ್ಲವೆನ್ನಲು ದಾಕ್ಷಿಣ್ಯ. ಆದರೆ ನಾಳೆ ಪತ್ರ ಬರುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರಿಗೆ. ಎರಡನೆಯದು, ಒಬ್ಬರಿಂದ ಒಂದೇ ದಿನ ಅಥವಾ ಒಂದೇ ವ್ಯವಹಾರಕ್ಕೆ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು 2017ರ ಏಪ್ರಿಲ್ 1ರಿಂದ ನಿಷೇಧಿಸಲಾಗಿದೆ. ಮೂರು ಮಿಶ್ರತಳಿ ಹಸುಗಳನ್ನು ಒಬ್ಬನಿಗೇ 2 ಲಕ್ಷದ 40 ಸಾವಿರಕ್ಕೆ ಮಾರಿ ನೋಟು ಎಣಿಸಿಕೊಂಡರೆ, ಪಡೆದಷ್ಟೇ ಮೊತ್ತದ ದಂಡ ಹಾಕಲು ಅವಕಾಶವಿದೆ. ದಂಡ ಬೀಳುವುದು ಕೊಟ್ಟವನಿಗಲ್ಲ, ಪಡೆದವನಿಗೆ. ಬ್ಯಾಂಕಿನ ಮೂಲಕ ಪಡೆಯಿರಿ, ಯಾವ ತೊಂದರೆಯೂ ಇಲ್ಲ. ಮೂರನೆಯದು, ಯಾವ ಪತ್ರ ಬಂದರೂ ಅಟ್ಟಕ್ಕೆ ಎಸೆಯಬೇಡಿ. ಕಾರ್ಯದರ್ಶಿಗೆ ತೋರಿಸಿ, ಗಡುವಿನೊಳಗೆ ಉತ್ತರ ಕೊಡಿ. ಉತ್ತರ ಕೊಡದೆ ಉಳಿದ ಪತ್ರವೇ ಮುಂದೆ ದೊಡ್ಡದಾಗುವುದು.

ಕೊನೆಯ ಮಾತು

ಆ ತಾಯಿಗೆ ಅಂದು ನಾನು ಕಾಗದದ ಮೇಲೆ ಬರೆದು ತೋರಿಸಿದೆ: ವರ್ಷಕ್ಕೆ 2,81,050. ಕೆಳಗೆ 4,00,000. "ಅಮ್ಮ, ಈ ಗೆರೆ ದಾಟುವವರೆಗೆ ನಿಮಗೆ ತೆರಿಗೆಯ ಲೆಕ್ಕವೇ ಇಲ್ಲ. ದಾಟಿದರೂ 12 ಲಕ್ಷದವರೆಗೆ ಕಟ್ಟುವುದು ಇಲ್ಲ" ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಪಾಸ್ ಪುಸ್ತಕದಲ್ಲೇ ಇರಲಿ ಬಿಡಪ್ಪ. ಕೈಗೆ ಕೊಟ್ಟರೆ ಮನೆಯಲ್ಲಿ ಉಳಿಯುವುದೂ ಇಲ್ಲ" ಎಂದು ನಕ್ಕು ಹೊರಟರು.

ಬಂಧುಗಳೇ, ಡೇರಿಯಲ್ಲಿ ಹಾಲಿಗೆ ಫ್ಯಾಟು, ಡಿಗ್ರಿ ನೋಡಿ ಚೀಟಿ ಕೊಡುತ್ತಾರೆ. ಆ ಚೀಟಿ ಇಲ್ಲದಿದ್ದರೆ ನಮ್ಮ ಹಾಲು ಒಳ್ಳೆಯದೆಂದು ಹೇಳಲು ನಮಗೆ ಬೇರೆ ಸಾಕ್ಷಿ ಇಲ್ಲ. ಹಣದ ವಿಷಯದಲ್ಲಿಯೂ ಅಷ್ಟೇ. ಬ್ಯಾಂಕಿನ ಪುಸ್ತಕ, ಸಂಘದ ಲೆಕ್ಕ ಇವೆರಡೂ ನಮ್ಮನ್ನು ಹಿಡಿದುಕೊಡುವ ಕಾಗದಗಳಲ್ಲ, ನಮ್ಮ ಪರವಾಗಿ ಮಾತನಾಡುವ ಕಾಗದಗಳು. ನಮ್ಮಲ್ಲಿ ಬಹುತೇಕರು ಒಂದು ರೂಪಾಯಿ ತೆರಿಗೆಯನ್ನೂ ಕಟ್ಟಬೇಕಾಗಿಲ್ಲ. ಆದರೆ ಹಾಗೆಂದು ತೋರಿಸಬಲ್ಲವರು ಲೆಕ್ಕ ಇಟ್ಟವರು ಮಾತ್ರ.

ಇಂದೇ ಮನೆಗೆ ಹೋಗಿ ಪಾಸ್ ಪುಸ್ತಕ, ಪ್ಯಾನ್ ಕಾರ್ಡು, ಹಾಲಿನ ಚೀಟಿಗಳನ್ನು ಒಂದು ಕಡೆ ಸೇರಿಸಿಡಿ. ಸಂದೇಹವಿದ್ದವರು ನಿಮ್ಮ ಸಂಘದ ಕಾರ್ಯದರ್ಶಿಯವರನ್ನು, ಅವರಿಗೂ ತಿಳಿಯದಿದ್ದರೆ ಒಕ್ಕೂಟದ ಲೆಕ್ಕಪತ್ರ ವಿಭಾಗವನ್ನು ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.